ನಾಲ್ಕು ಭಾಗವೂ ಆಗುತ್ತದೆ

ಆರನೇ ಕ್ಲಾಸಿನಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ಲೆಕ್ಕ ಒಂದೇ, ಸಾಮಾನ್ಯ ಅಪವರ್ತನ. ಎರಡು ಸಂಖ್ಯೆಗಳನ್ನೂ ಶೇಷವಿಲ್ಲದೆ ಭಾಗಿಸುವವು ಯಾವುವೆಂದು ಹುಡುಕುವುದು. ಆ ವರ್ಷವೇ ನಮ್ಮ ಮನೆಯೂ ಭಾಗವಾಯಿತು. ಬಿಡದಿ ಕಡೆ ಕಾರ್ಖಾನೆಗಳು ಬಂದು ಜಮೀನಿನ ಬೆಲೆ ಏರಿದ ಮೇಲೆ ಮಾಗಡಿಯ ಸುತ್ತಮುತ್ತ ಎಲ್ಲರಿಗೂ ತಮ್ಮ ಪಾಲು ಬೇರೆ ಮಾಡಿಕೊಳ್ಳುವ ಆತುರ. ಅಪ್ಪನಿಗೂ ಇಬ್ಬರು ಚಿಕ್ಕಪ್ಪಂದಿರಿಗೂ ಅದೇ ಆತುರ ಹತ್ತಿತ್ತು.

ನಮ್ಮಲ್ಲಿ ಹಿರಿಯ ಗಂಡುಮಗ ಪಾಲು ಹಾಕಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಅಪ್ಪ ಜಗಲಿಯ ಮೇಲೆ ಲೆಕ್ಕಕ್ಕೆಂದು ಹುಣಸೆಬೀಜ ಹರಡಿಕೊಂಡು ಒದ್ದಾಡುತ್ತಿದ್ದರು. ತೆಂಗಿನ ಮರ ಇಪ್ಪತ್ತನಾಲ್ಕು, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಮೂವತ್ತಾರು.

“ಎರಡೂ ಸಮವಾಗಿ ಬತ್ತವಾ ನೋಡವ್ವ, ಏನೂ ಮಿಗದಂಗೆ,” ಎಂದರು.

“ಮೂರು ಭಾಗ ಆಯ್ತದೆ. ಎಂಟು ಮರ, ಹನ್ನೆರಡು ಚಂದ್ರಿಕೆ,” ಎಂದೆ. ಅಷ್ಟಕ್ಕೇ ಬಾಯಿ ಮುಚ್ಚುವ ಹುಡುಗಿ ನಾನಲ್ಲ. “ನಾಲ್ಕೂ ಆಯ್ತದೆ. ಅತ್ತೇನೂ ಸೇರಿಸಿದ್ರೆ ಆರು ಮರ, ಒಂಬತ್ತು ಚಂದ್ರಿಕೆ.”

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದವರು, ನಾನು ಹುಟ್ಟುವ ಮೊದಲಿನಿಂದ ಇಡೀ ಮನೆಗೆ ಬೇಯಿಸಿ ಬಡಿಸುತ್ತಿದ್ದರು.

ಯಾರೂ ಬೈಯಲಿಲ್ಲ. ಪಕ್ಕದಲ್ಲೇ ಕೂತಿದ್ದ ದೊಡ್ಡ ಚಿಕ್ಕಪ್ಪ ಕೆಮ್ಮಿದರು. ಅಪ್ಪ ಬೀಜಗಳನ್ನೇ ನೋಡುತ್ತಿದ್ದರು.

“ಮೂರೇ ಇರ್ಲಿ ಕಣವ್ವ. ಬಾ, ಒಸಿ ಅವರೆಕಾಯಿ ಬಿಡಿಸು,” ಎಂದರು ಅತ್ತೆ, ಒಳಗಿನಿಂದಲೇ. ನಾನು ಹೋಗಿ ಬಿಡಿಸಿದೆ. ನನಗೇನೂ ಅನ್ನಿಸಲಿಲ್ಲ. ಲೆಕ್ಕ ತಪ್ಪಿರಲಿಲ್ಲ, ಅಷ್ಟು ಮಾತ್ರ ಗೊತ್ತಿತ್ತು.

ಮರುದಿನದಿಂದ ಒಂದೇ ಮನೆಯೊಳಗೆ ಮೂರು ಒಲೆ. ಮಧ್ಯಾಹ್ನ ನಾವು ಉಂಡು ಕೈ ತೊಳೆದೆವು; ಅತ್ತೆ ಚಿಕ್ಕಪ್ಪನ ಕಡೆ ಉಂಡಿರುತ್ತಾರೆ ಎಂದುಕೊಂಡಿದ್ದೆವು. ಆಮೇಲೆ ಚಿಕ್ಕಮ್ಮ ಬಂದು ಅಮ್ಮನನ್ನು ಕೇಳಿದರು, “ಅತ್ತಿಗೆ ನಿಮ್ಮಲ್ಲಿ ಉಂಡ್ರಾ?” ಇನ್ನೊಬ್ಬ ಚಿಕ್ಕಮ್ಮನೂ ನಮ್ಮನ್ನೇ ನಂಬಿಕೊಂಡಿದ್ದರಂತೆ. ಅತ್ತೆ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಯಾರ ಪಾಲಿನ ಅಕ್ಕಿಯೋ. ಮೂವರೂ ಒಟ್ಟಿಗೆ ಊಟಕ್ಕೆ ಕರೆದಾಗ, “ಹಸಿವಿಲ್ಲ ಬುಡ್ರವ್ವ,” ಎಂದರು.

ಕೆಲವೇ ದಿನಗಳಲ್ಲಿ ಬಿಡದಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ ಹಿಡಿದರು. ಅವರ ಬ್ಯಾಗು ಹೊತ್ತು ಬಸ್‌ಸ್ಟಾಂಡಿನ ತನಕ ಹೋದವಳು ನಾನೊಬ್ಬಳೇ. ಅಳಬೇಕು ಅನ್ನಿಸುತ್ತಿತ್ತು, ಅಳು ಬರಲಿಲ್ಲ. ಅತ್ತೆ ಕಿಟಕಿ ಪಕ್ಕ ಕೂತು ಸೆರಗು ಸರಿಮಾಡಿಕೊಂಡರು.

“ಅಲ್ಲಿ ಊಟಾನೂ ಕೊಡ್ತಾರಂತೆ ಕಣವ್ವ,” ಎಂದರು. “ಹೊತ್ತಿಗೆ ಸರಿಯಾಗಿ ಬೆಲ್ ಹೊಡೆದು ಕರೀತಾರಂತೆ.”