ತಪಾಸಣೆಯ ದಿನ ಕಾಣದ ಮಕ್ಕಳು

೧೯೫೯ರಲ್ಲಿ ನಾನು ಪುತ್ತೂರಿನಲ್ಲಿ ಪ್ರಾಥಮಿಕ ಶಾಲೆಗಳ ಇನ್ಸ್‌ಪೆಕ್ಟರ್ ಆಗಿದ್ದೆ. ಹದಿನೈದು ದಿನ ಮೊದಲೇ ನೋಟಿಸು ಕಳಿಸಿ ತಪಾಸಣೆಗೆ ಹೋಗುವುದು ನಮ್ಮ ಕ್ರಮ. ನನಗೋ ತಪಾಸಣೆಗಿಂತ ಉಪದೇಶದ ಚಪಲ ಹೆಚ್ಚು.

ಆ ವರ್ಷ ಐವರ್ನಾಡು ಕಡೆಯ ಒಂದು ಶಾಲೆಯಲ್ಲಿ ಹದಿನೆಂಟು ಮಕ್ಕಳೂ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಹೇಳಿದರು. ಮಾಸ್ಟರನ್ನು 'ಅಸಾಧಾರಣ ಶಿಕ್ಷಕ' ಎಂದು ಹೊಗಳಿ ಬರೆದೆ. ಮರುದಿನ ಸಂಪಾಜೆ ಕಡೆಯ ಶಾಲೆ. ಅಲ್ಲಿದ್ದವರು ಚೆನ್ನಪ್ಪ ಎಂಬ ತಾತ್ಕಾಲಿಕ ಮಾಸ್ಟರು. ನನ್ನ ವರದಿ ಚೆನ್ನಾಗಿದ್ದರೆ ಅವರ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ನಲವತ್ತೊಂದು ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಮಗ್ಗಿಯೇ ಬಾರದು.

ಊಟವಾದ ಮೇಲೆ ಚೆನ್ನಪ್ಪನವರೆದುರು ನನ್ನ ಮೆಚ್ಚಿನ ವಿಷಯ ತೆಗೆದೆ. ಬಿಸಿಲು, ನೀರು, ಗಾಳಿ ಎಲ್ಲವೂ ಜೀವಿಗಳಿಗೆ ಬೇಕಾದ ಹದದಲ್ಲೇ ಇರುವುದು ಹೇಗೆ? ಒಬ್ಬ ಸೃಷ್ಟಿಕರ್ತ ಹಾಗೆ ಮಾಡಿದ ಎನ್ನುವುದೇ ಸರಳವಾದ ಉತ್ತರ ಎಂದೆ.

ಚೆನ್ನಪ್ಪ ಮೆಲ್ಲಗೆ ಹೇಳಿದರು: "ಪುರಾಣದಲ್ಲಿ ಕೋಟಿ ಬ್ರಹ್ಮಾಂಡ ಅಂತ ಉಂಟಲ್ಲ ಸರ್. ಅಷ್ಟು ಇದ್ದರೆ ಒಂದಾದರೂ ಹದಕ್ಕೆ ಬಂದೀತು. ಹದ ತಪ್ಪಿದ್ದರಲ್ಲಿ ನೋಡುದಕ್ಕೆ ಯಾರೂ ಇರುದಿಲ್ಲ. ಹದಕ್ಕೆ ಬಂದದ್ದು ಮಾತ್ರ ಕಾಣುದು."

"ಒಂದು ಲೋಕಕ್ಕೆ ಕಾರಣ ಹೇಳ್ಲಿಕ್ಕೆ ಕೋಟಿ ಲೋಕ ಬೇಕಾ ಮಾಸ್ಟ್ರೆ? ಮೊದಲು ಮಕ್ಕಳಿಗೆ ಮಗ್ಗಿ ಕಲಿಸಿ" ಎಂದೆ. 'ಕಲಿಸಲು ಅನರ್ಹ' ಎಂದು ವರದಿ ಬರೆದೆ. ತಿಂಗಳೊಳಗೆ ಅವರ ಕೆಲಸ ಹೋಯಿತು.

ಮರುವರ್ಷ ಐವರ್ನಾಡಿನ ಅದೇ ಶಾಲೆಗೆ ನಡೆದು ಹೋಗುತ್ತಿದ್ದೆ. ದಾರಿಯಲ್ಲೊಂದು ಮನೆಯಂಗಳದಲ್ಲಿ ಮೂವರು ಮಕ್ಕಳು ಆಡುತ್ತಿದ್ದರು. ಇವತ್ತು ಶಾಲೆ ಇಲ್ಲವೇ ಎಂದು ಅಲ್ಲಿದ್ದ ಅಜ್ಜಿಯನ್ನು ಕೇಳಿದೆ. ನಾನು ಯಾರೆಂದು ಆಕೆಗೆ ತಿಳಿಯದು.

"ಇನ್ಸ್‌ಪೆಕ್ಟ್ರು ಬರುವ ದಿನ ಅಲ್ವಾ ಮಾರಾಯ್ರೆ. ಕಲಿಯದ ಮಕ್ಕಳು ಬರುದು ಬೇಡ ಅಂತ ಮಾಸ್ಟ್ರು ಹೇಳಿದ್ದಾರೆ. ಎಲ್ಲ ಕಡೆ ಹಾಗೇ ಅಲ್ವಾ?"

ಎಲ್ಲ ಕಡೆ ಹಾಗಲ್ಲ. ಚೆನ್ನಪ್ಪ ಒಬ್ಬರನ್ನೂ ಬಿಡದೆ ನನ್ನೆದುರು ಕೂರಿಸಿದ್ದರು. ಐವರ್ನಾಡಿನ ಹಾಜರಿ ಪುಸ್ತಕವನ್ನು ಅಂದು ಮೊದಲ ಬಾರಿ ಸರಿಯಾಗಿ ನೋಡಿದೆ. ನಲವತ್ತಕ್ಕೂ ಹೆಚ್ಚು ಹೆಸರುಗಳಿದ್ದವು; ಹಿಂದಿನ ವರ್ಷ ನನ್ನೆದುರು ಕೂತಿದ್ದವರು ಹದಿನೆಂಟೇ ಮಂದಿ.

ಚೆನ್ನಪ್ಪನವರ ವರದಿ ತಿದ್ದಬೇಕಾದರೆ ನನ್ನ ತಪ್ಪನ್ನು ನಾನೇ ಮೇಲಧಿಕಾರಿಗಳಿಗೆ ಬರೆಯಬೇಕಿತ್ತು. ಬಡ್ತಿ ಹತ್ತಿರವಿತ್ತು, ಹೆದರಿದೆ, ಬರೆಯಲಿಲ್ಲ. ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ನೋಟಿಸು ಕೊಡದೆ ಹೋಗತೊಡಗಿದೆ. ತರಗತಿಗೆ ಕಾಲಿಟ್ಟೊಡನೆ ಗೈರುಹಾಜರಾದವರ ಹೆಸರು ಕೇಳುತ್ತಿದ್ದೆ. ಸೃಷ್ಟಿಕರ್ತ ಒಬ್ಬನಿದ್ದಾನೋ, ಲೋಕಗಳೇ ಕೋಟಿಯೋ, ನನಗೆ ಇಂದಿಗೂ ಗೊತ್ತಿಲ್ಲ. ಸರಳವಾದ ಉತ್ತರ ಸಿಕ್ಕಿತೆಂದು ಹಿಗ್ಗುವ ಮೊದಲು, ಕಣ್ಣಿಗೆ ಬೀಳದೆ ಉಳಿದದ್ದೇನು ಎಂದು ಕೇಳಬೇಕು. ಅದನ್ನು ನನಗೆ ಕಲಿಸಿದವರು ನಾನು 'ಕಲಿಸಲು ಅನರ್ಹ' ಎಂದು ಬರೆದ ಚೆನ್ನಪ್ಪ ಮಾಸ್ಟರು.