ಅರ್ಧ ಮುಚ್ಚಳ ಉಣ್ಣಿ ಔಷಧಿ

ನಮ್ಮತ್ತೆಯ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಚಿಂತಾಮಣಿ ಕಡೆಯ ನಮ್ಮ ಮನೆಯಲ್ಲಿ ಒಂದೇ ಸೂರಿನಡಿ ರೇಷ್ಮೆಹುಳವೂ ಹಸುವೂ ಬದುಕಬೇಕು. ಹಸುವಿಗೆ ಉಣ್ಣಿ ಹತ್ತಿದರೆ ಔಷಧಿ ಬಳಿಯಬೇಕು. ಆ ಔಷಧಿಯ ಗಾಳಿ ಸೋಕಿದರೆ ಸಾಕು, ಪಕ್ಕದ ಕೋಣೆಯ ಹುಳ ಹಸಿರು ಕಕ್ಕಿಕೊಂಡು ಸಾಯುತ್ತದೆ. ಹಿಂದೊಮ್ಮೆ ಹಾಗೆ ಸತ್ತ ಒಂದಿಡೀ ಹುಳದ ಬೆಳೆಯನ್ನು ತಿಪ್ಪೆಗೆ ಸುರಿದವರು ನಮ್ಮತ್ತೆ. ಅವರ ಹೆದರಿಕೆ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಅವರು ಕಂಡುಕೊಂಡ ಉಪಾಯ ನೋಡಿ: ಬಕೆಟ್ಟಿನ ತುಂಬ ನೀರು, ಅದಕ್ಕೆ ಅರ್ಧ ಮುಚ್ಚಳ ಔಷಧಿ. ಅದರಲ್ಲಿ ಬಟ್ಟೆ ಅದ್ದಿ ಹಸುವಿನ ಬೆನ್ನು ಒರೆಸಿದ ಶಾಸ್ತ್ರ ಮಾಡುವುದು. ಊರಿನವರೆಲ್ಲ ಮಾಡುತ್ತಿದ್ದುದೂ ಅದೇ.

ಹಸು ನನ್ನದು. ಬಾಣಂತನ ಮುಗಿಸಿ ಕಳಿಸುವಾಗ ನಮ್ಮಮ್ಮ ಕೊಟ್ಟಿದ್ದು. ಮೊದಮೊದಲು ಆ ನೀರು ಔಷಧಿಗೂ ಉಣ್ಣಿ ಉದುರುತ್ತಿದ್ದವು. ಬರಬರುತ್ತಾ ಕಡಿಮೆಯಾಯಿತು. ಕೊನೆಗೆ ನಾನೇ ಹಠ ಹಿಡಿದು, ಡಬ್ಬಿಯ ಮೇಲೆ ಬರೆದಷ್ಟೇ ಬೆರೆಸಿ, ಹಸುವನ್ನು ದೂರದ ಹೊಂಗೆಮರಕ್ಕೆ ಕಟ್ಟಿ, ಕಿವಿ ಕೆಚ್ಚಲು ಬಿಡದೆ ಬಳಿದೆ. ಉದುರಿದ್ದು ಅಷ್ಟಕ್ಕಷ್ಟೆ. ಮಿಕ್ಕವು ಹಾಯಾಗಿ ರಕ್ತ ಕುಡಿಯುತ್ತ ಕೂತಿದ್ದವು.

ಆ ಬೇಸಿಗೆಯಲ್ಲೇ ಹಸುವಿಗೆ ಉಣ್ಣಿ ಜ್ವರ ಬಂತು. ಮೇವು ಬಿಟ್ಟಿತು, ಗಂಜಲ ಕಾಫಿ ಬಣ್ಣಕ್ಕೆ ತಿರುಗಿತು. ಪಶು ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ಕೆಚ್ಚಲ ಸಂದಿಯಿಂದ ಒಂದು ಉಣ್ಣಿ ಕಿತ್ತು, ಏನು ಬಳಿಯುತ್ತೀರಿ, ಎಷ್ಟು ಬಳಿಯುತ್ತೀರಿ ಎಂದು ಕೇಳಿದರು. ಅತ್ತೆಯ ಅಳತೆಯನ್ನು ಹೇಳಿದೆ.

"ಅರ್ಧಂಬರ್ಧ ಹಾಕಿದ್ರೆ ಮೆತ್ತಗಿರೋವು ಸಾಯ್ತವೆ, ಗಟ್ಟಿ ಇರೋವು ಉಳ್ಕೊಂಡು ಮೊಟ್ಟೆ ಇಡ್ತವೆ. ರೇಷ್ಮೆಹುಳದ ಥರ ಉಣ್ಣೀಲೂ ಒಳ್ಳೇ ತಳಿ ಆರಿಸಿ ಸಾಕಿದ್ದೀರಿ ಕಣಮ್ಮ," ಅಂದರು.

ಸಾಕಿದ್ದು ನಾನಲ್ಲ ಎಂದು ಕೂಗಬೇಕೆನಿಸಿತು. ಬಾಗಿಲಲ್ಲೇ ನಿಂತಿದ್ದ ಅತ್ತೆ, ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತೆಂದು ಒಳಗೆ ಹೋದರು. ಹಸು ಉಳಿಯಲಿಲ್ಲ. ಆ ಬೆಳೆಯ ರೇಷ್ಮೆಗೂಡು ಮಾತ್ರ ಸೊಗಸಾಗಿ ಬಂತು, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಒಳ್ಳೇ ರೇಟಿಗೆ ಹೋಯಿತು. ನನ್ನ ಹೊಟ್ಟೆ ಉರಿದುಹೋಯಿತು.

ಕೊಟ್ಟಿಗೆಯಲ್ಲಿ ಉಳಿದದ್ದು ಅದರ ಹೆಣ್ಣುಗರು. ಡಾಕ್ಟರು ಬೇರೆ ಔಷಧಿ ಬರೆದುಕೊಟ್ಟರು. ಇದನ್ನಾದರೂ ಸರಿಯಾಗಿ ಬಳಸಿ, ಇದಕ್ಕೂ ಉಣ್ಣಿ ಜಗ್ಗದಂತಾದರೆ ಆಮೇಲೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ ಎಂದರು. ಅತ್ತೆಗೂ ಕೇಳಿಸುವಂತೆಯೇ ಹೇಳಿದರು. ನಾನೇ ಚಿಂತಾಮಣಿಗೆ ಹೋಗಿ ತಂದು ಅಟ್ಟದ ಮೇಲಿಟ್ಟೆ.

ಮುಂದಿನ ಬೆಳೆಗೆ ಹುಳ ತಂದು ತಟ್ಟೆಗೆ ಬಿಟ್ಟಾಗಿತ್ತು. ಒಂದು ಬೆಳಗ್ಗೆ ಕೊಟ್ಟಿಗೆಗೆ ಹೋದರೆ ಅತ್ತೆ ಕರುವಿನ ಪಕ್ಕ ಕೂತಿದ್ದಾರೆ. ಮುಂದೆ ತುಂಬಿದ ಬಕೆಟ್ಟು, ಕೈಯಲ್ಲಿ ನಾನು ತಂದ ಹೊಸ ಬಾಟಲಿ.

"ಇದು ಹೊಸದಲ್ವಾ, ಜೋರು ಜಾಸ್ತಿ ಇರ್ತದೆ. ಅರ್ಧ ಸಾಕು ಕಣಮ್ಮ," ಅಂದರು, ನನಗೇನೋ ಉಪಕಾರ ಮಾಡುತ್ತಿರುವವರಂತೆ.

ಬಾಟಲಿ ಕಿತ್ತುಕೊಂಡು ಬಕೆಟ್ಟನ್ನು ಚರಂಡಿಗೆ ಮಗುಚಿ ಹಾಕಿದೆ. ಕರುವಿನ ಬೆನ್ನಿನಿಂದ ಆಗಲೇ ನೀರು ತೊಟ್ಟಿಕ್ಕುತ್ತಿತ್ತು.