ಹಿಟ್ಟಿನ ಡಬ್ಬದಲ್ಲಿ ಹದಿನೆಂಟು ಪಾಸ್‌ಪೋರ್ಟು

ಫುಟ್‌ಬಾಲ್ ಬಗ್ಗೆ ನನಗಿದ್ದ ಜ್ಞಾನವೆಂದರೆ, ಚೆಂಡು ಗುಂಡಗಿರುತ್ತದೆ ಮತ್ತು ನಮ್ಮ ಶಾಲೆಯ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಆಗಾಗ ಬೀಳುತ್ತದೆ, ಅಷ್ಟೆ. ಹೀಗಿರುವಾಗ ಕೋಲಾರದ ನಮ್ಮ ವಸತಿ ಶಾಲೆಯ ಹುಡುಗಿಯರ ತಂಡ ಹತ್ತು ದಿನದ ತರಬೇತಿಗೆ ಮಲೇಷ್ಯಾಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಪಿ.ಟಿ. ಮೇಷ್ಟ್ರ ಜೊತೆಗೆ ಒಬ್ಬ ಟೀಚರಮ್ಮನೂ ಹೋಗಲೇಬೇಕೆಂಬ ನಿಯಮವಿತ್ತು. ಉಳಿದವರಿಗೆಲ್ಲ ಮನೆಯಲ್ಲಿ ಚಿಕ್ಕ ಮಕ್ಕಳಿದ್ದವು. ಕನ್ನಡ ಪಾಠ ಮಾಡುವ ನನಗೆ ನಿವೃತ್ತಿಗೆ ಎರಡೇ ವರ್ಷವಿತ್ತು. ಕಳೆದುಹೋದರೂ ಶಾಲೆಗೆ ದೊಡ್ಡ ನಷ್ಟವಿಲ್ಲ ಎಂದು ಆಡಳಿತ ಮಂಡಳಿಗೆ ಅನ್ನಿಸಿರಬೇಕು.

ಹೊರಡುವ ದಿನ ಶಾಲೆಯ ಗೇಟಿನಲ್ಲಿ ತಾಯಂದಿರು ನನ್ನನ್ನು ಸುತ್ತುವರಿದರು. ಮಾಲೂರಿನ ಕಡೆಯ ಒಬ್ಬಾಕೆ, "ಮೇಡಂ, ನಮ್ಮವಳು ಯಾರು ಕರೆದ್ರೂ ಹಿಂದೇನೇ ಹೋಗ್ಬಿಡ್ತಾಳೆ, ಒಂದು ಕಣ್ಣಿಟ್ಟಿರಿ" ಎಂದರು. ಶ್ರೀನಿವಾಸಪುರದವರು ಎರಡು ಡಬ್ಬ ರಾಗಿಹಿಟ್ಟು ತಂದು, ಆ ದೇಶದಲ್ಲಿ ಮಕ್ಕಳು ಮುದ್ದೆಯಿಲ್ಲದೆ ಸೊರಗದಿರಲಿ ಎಂದು ನನ್ನ ಕೈಗೇ ಕೊಟ್ಟರು. ಮುಳಬಾಗಿಲಿನ ಗೋಲ್‌ಕೀಪರ್ ಹುಡುಗಿಯ ತಾಯಿ ಮಾತ್ರ ನನ್ನ ಎರಡೂ ಕೈ ಹಿಡಿದು ತೆಲುಗಿನಲ್ಲಿ, "ಮಾ ಪಿಲ್ಲನಿ ಮೀ ಚೇತುಲ್ಲೋ ಪೆಡ್ತುನ್ನಾನಮ್ಮಾ" ಎಂದರು. ಮಗಳನ್ನು ನಿಮ್ಮ ಕೈಯಲ್ಲಿ ಇಡುತ್ತಿದ್ದೇನೆ ಎಂದು.

"ಹದಿನಾರು ಜನಾನ ಕರ್ಕೊಂಡು ಹೋಗ್ತೀನಿ, ಹದಿನಾರು ಜನಾನೂ ಕರ್ಕೊಂಡು ಬರ್ತೀನಿ" ಎಂದುಬಿಟ್ಟೆ. 

ಆ ಗಳಿಗೆಯಿಂದಲೇ ನಾನು ತಲೆ ಎಣಿಸತೊಡಗಿದೆ. ಬಸ್ಸಿನಲ್ಲಿ ಎಣಿಸಿದೆ, ವಿಮಾನ ನಿಲ್ದಾಣದಲ್ಲಿ ಎಣಿಸಿದೆ, ಕಡೆಗೆ ವಿಮಾನ ಮೋಡದ ಮೇಲಿದ್ದಾಗಲೂ ಎದ್ದು ನಿಂತು ಎಣಿಸಿದೆ. "ಮಿಸ್, ಇಲ್ಲಿಂದ ಎಲ್ಲಿಗೆ ಹೋಗ್ತೀವಿ ಮಿಸ್?" ಎಂದು ಗೋಲ್‌ಕೀಪರ್ ಕೇಳಿದಳು. ಪ್ರಶ್ನೆ ನ್ಯಾಯವಾಗಿತ್ತು. ಆದರೂ ಎಣಿಸಿಯೇ ಕೂತೆ.

ಇನ್ನು ಪಾಸ್‌ಪೋರ್ಟುಗಳು. ನಮ್ಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟು ಮಕ್ಕಳ ಕೈಗೆ ಸಿಗುವುದು ಪರೀಕ್ಷಾ ಕೊಠಡಿಯ ಬಾಗಿಲಲ್ಲೇ. ಅಲ್ಲಿಯವರೆಗೆ ಅವು ನನ್ನ ಬಳಿ ಇರುತ್ತವೆ. ಅದೇ ಪದ್ಧತಿಯಂತೆ ತರಬೇತಿ ಶಿಬಿರಕ್ಕೆ ಬಂದಿಳಿದ ಕೂಡಲೇ ಹದಿನಾರನ್ನೂ ಕಸಿದುಕೊಂಡೆ, ಪಿ.ಟಿ. ಮೇಷ್ಟ್ರದನ್ನೂ ಬಿಡಲಿಲ್ಲ.

"ಆಫೀಸಲ್ಲಿ ಲಾಕರ್ ಇದೆ ಮೇಡಂ, ಕೊಟ್ಬಿಡಿ" ಎಂದರು ಅವರು.

"ಆಗಲಿ ಸಾರ್" ಎಂದೆ. ಕೊಡಲಿಲ್ಲ. ಬೀಗದ ಕೈ ಯಾರದೋ ಸೊಂಟದಲ್ಲಿರುವ ಲಾಕರನ್ನು ನಾನು ನಂಬುವುದು ಹೇಗೆ? ನಮ್ಮಮ್ಮ ಒಡವೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ರಾಗಿಹಿಟ್ಟಿನ ಡಬ್ಬದ ತಳದಲ್ಲಿಡುತ್ತಿದ್ದರು. ನಮ್ಮ ಕಡೆ ಬಹಳ ಮನೆಗಳಲ್ಲಿ ಹಾಗೇ. ಕಳ್ಳ ಬೀರು ಒಡೆದಾನು, ಮೊಣಕೈವರೆಗೆ ಹಿಟ್ಟಿಗೆ ಕೈ ಹಾಕುವ ತಾಳ್ಮೆ ಅವನಿಗೆಲ್ಲಿ? ನಾನೂ ನನ್ನದನ್ನು ಸೇರಿಸಿ ಹದಿನೆಂಟು ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಎರಡನೇ ಡಬ್ಬದ ತಳಕ್ಕಿಳಿಸಿ, ಮೇಲೆ ಹಿಟ್ಟು ಸಮ ಮಾಡಿ, ಡಬ್ಬವನ್ನು ಮಂಚದ ಕೆಳಗೆ ತಳ್ಳಿದೆ. ಯಾರಿಗೂ ಹೇಳಲಿಲ್ಲ. ಗುಟ್ಟೆಂದರೆ ಗುಟ್ಟು.

ಮೊದಲ ಡಬ್ಬದ ಹಿಟ್ಟಿನಲ್ಲಿ ಹುಡುಗಿಯರು ಭಾನುವಾರ ಶಿಬಿರದ ಅಡುಗೆಮನೆಯಲ್ಲೇ ಮುದ್ದೆ ಮಾಡಿದರು. ಅಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸಿನ ಅಜ್ಜಿ ಎಷ್ಟೋ ಕಾಲದ ಹಿಂದೆ ತೆಲುಗು ಸೀಮೆಯಿಂದ ಹಡಗು ಹತ್ತಿ ಹೋದವರಂತೆ. ಮುದ್ದೆ ಬಾಯಿಗಿಟ್ಟು ಆಕೆ, "ಸಂಗಟಿ! ಮಾ ಅವ್ವ ಚೇಸೇದಿ" ಎಂದು, ತನ್ನ ಅಜ್ಜಿ ಮಾಡುತ್ತಿದ್ದುದನ್ನು ನೆನೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗೋಲ್‌ಕೀಪರಿಗೂ ಆಕೆಗೂ ಅಂದಿನಿಂದ ತೆಲುಗಿನಲ್ಲಿ ಗಳಸ್ಯ ಕಂಠಸ್ಯ.

ಹೊರಡುವ ಬೆಳಿಗ್ಗೆ ಏಳಕ್ಕೆ ಮಂಚದ ಕೆಳಗೆ ಬಗ್ಗಿದೆ. ಡಬ್ಬವಿರಲಿಲ್ಲ.

ಇನ್ನೂ ಬಗ್ಗಿದೆ. ಪಕ್ಕದ ಮಂಚದ ಕೆಳಗೂ ನೋಡಿದೆ. ಕಡೆಗೆ ಯಾವ ಡಬ್ಬವೂ ಹಿಡಿಸಲಾರದ ನನ್ನ ಚಪ್ಪಲಿ ಚೀಲದಲ್ಲೂ ನೋಡಿದೆ.

"ಲೇ, ಇಲ್ಲಿದ್ದ ಹಿಟ್ಟಿನ ಡಬ್ಬ ಎಲ್ಲೇ?"

"ಅದಾ ಮಿಸ್? ಅಡುಗೆ ಅಮ್ಮಂಗೆ ಕೊಟ್ವಿ, ನೆನಪಿಗೆ ಇರ್ಲಿ ಅಂತ" ಎಂದಳು ಗೋಲ್‌ಕೀಪರ್. "ನೀವು ನಿನ್ನೆ ಸಂಜೆ ಹೊರಗೆ ಹೋಗಿದ್ರಲ್ಲ, ಆವಾಗ. ಹೆಂಗೂ ನಾವು ಊರಿಗೆ ಹೋಗ್ತಿದ್ದೀವಲ್ಲ ಮಿಸ್?"

"ಹೋಗಲ್ಲ ಕಣೇ" ಎಂದೆ. ಮಂಚದ ಮೇಲೆ ಕೂತು ಎಲ್ಲ ಹೇಳಿದೆ.

ಹದಿನಾರೂ ಮುಖಗಳು ಬಿಳಿಚಿಕೊಂಡವು. ಮಾಲೂರಿನವಳು ಅಳತೊಡಗಿದಳು. ಓಡಿ ಬಂದ ಪಿ.ಟಿ. ಮೇಷ್ಟ್ರು, "ಲಾಕರ್ ಅಂದ್ನಲ್ಲ ಮೇಡಂ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಆ ಉಳಿದ ಅರ್ಧವನ್ನು ಇಂದಿಗೂ ಆಡಿಲ್ಲ. ಅವರು ದೊಡ್ಡ ಮನುಷ್ಯರು.

ಅಡುಗೆಯಾಕೆಗೆ ಅಂದು ರಜೆ. ಮನೆ ದೂರ. ಆಫೀಸಿನವರು ಮಾಡಿದ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಎಂಟೂವರೆಗೆ ನಮ್ಮ ಬಸ್ಸು ಬಂದು ಗೇಟಿನಲ್ಲಿ ನಿಂತಿತು. ನಾನು ಅದರ ಪಕ್ಕದಲ್ಲಿ ನಿಂತು ರಸ್ತೆ ನೋಡಿದೆ. ಪಾಸ್‌ಪೋರ್ಟಿಲ್ಲದ ಹುಡುಗಿಯರನ್ನು ಆ ದೇಶ ಏನು ಮಾಡುತ್ತದೆ? ಎಲ್ಲಿ ಇಡುತ್ತದೆ? ಆ ಮುಳಬಾಗಿಲಿನ ತಾಯಿಗೆ ಯಾವ ಬಾಯಲ್ಲಿ ಹೇಳಲಿ? ತೆಲುಗಿನಲ್ಲಾದರೂ ಹೇಗೆ ಹೇಳಲಿ? ತಲೆ ಎಣಿಸಿದೆ. ಹದಿನಾರು ಇದ್ದವು. ಮೊದಲ ಸಲ ಅದರಿಂದ ಸಮಾಧಾನವಾಗಲಿಲ್ಲ.

ಒಂಬತ್ತಕ್ಕೆ ಡ್ರೈವರ್ ಹಾರನ್ ಹೊಡೆದ. ಇನ್ನೂ ಕಾಲು ಗಂಟೆ ಕಳೆದ ಮೇಲೆ ಒಂದು ಸ್ಕೂಟರ್ ಬಂತು. ಕಾಲಿನ ಬಳಿ ಡಬ್ಬ, ಹಿಡಿಕೆಗೆ ಕವರು ನೇತುಹಾಕಿಕೊಂಡು ಆ ಹೆಂಗಸು ಇಳಿದರು. ಬೆಳಿಗ್ಗೆ ಸಂಗಟಿ ಮಾಡಲು ಹಿಟ್ಟು ಸುರಿದುಕೊಂಡರೆ ಕವರು ಉದುರಿತಂತೆ. ಆಗಲೇ ಗಾಡಿ ಹತ್ತಿದ್ದರಂತೆ. ಫೋನು ಮನೆಯಲ್ಲೇ ಉಳಿದಿತ್ತಂತೆ.

"ಏಮ್ಮಾ ಟೀಚರಮ್ಮಾ, ಇಂತ ಚದುವುಕುನಿ ಪಿಲ್ಲಲ್ನಿ ಪಿಂಡಿಲೋ ಪೆಡ್ತಾರಾ?" ಎಂದು ಎಲ್ಲರೆದುರಿಗೆ ಗದರಿದರು. ಇಷ್ಟು ಓದಿಕೊಂಡು ಮಕ್ಕಳನ್ನು ಯಾರಾದರೂ ಹಿಟ್ಟಿನಲ್ಲಿಡುತ್ತಾರಾ ಎಂದು. ನಾನು ಆಕೆಯ ಎರಡೂ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲು ಆಕೆಗೆ ಸಾಕಷ್ಟು ಹೊತ್ತೇ ಹಿಡಿಯಿತು.

ವಿಮಾನ ನಿಲ್ದಾಣದಲ್ಲಿ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಅವರವರ ಕೈಗೇ ಕೊಟ್ಟೆ. ಹದಿನೆಂಟನೆಯದಾದ ನನ್ನದನ್ನು ತೆರೆದ ಅಧಿಕಾರಿಯ ಮೇಜಿನ ಮೇಲೆ ಚಿಟಿಕೆಯಷ್ಟು ಕಂದು ಪುಡಿ ಉದುರಿತು. ಆತ ಪುಡಿ ನೋಡಿದ, ನನ್ನನ್ನು ನೋಡಿದ. ಜೈಲಿನ ಊಟದಲ್ಲಿ ಉಪ್ಪು ಹೇಗಿರುತ್ತದೋ ಎಂದು ಯೋಚಿಸುತ್ತಿದ್ದೆ. ಆತ ಬೆರಳಲ್ಲಿ ಮುಟ್ಟಿ, ಮೂಸಿ, ಊದಿ, ಠಸ್ಸೆ ಒತ್ತಿದ.

ಶಾಲೆಯ ಗೇಟಿನಲ್ಲಿ ಅವೇ ತಾಯಂದಿರು ಕಾದಿದ್ದರು. ಹದಿನಾರು ಮಕ್ಕಳೂ ಬಸ್ಸಿನಿಂದ ಇಳಿದರು. ನಾನು ಕಡೆಯವಳಾಗಿ ಇಳಿದೆ.

"ಏನೂ ತೊಂದರೆ ಆಗ್ಲಿಲ್ವಾ ಮೇಡಂ?" ಎಂದು ಹಿಟ್ಟು ಕೊಟ್ಟಿದ್ದ ಶ್ರೀನಿವಾಸಪುರದ ತಾಯಿ ಕೇಳಿದರು.

ಹದಿನಾರು ಮುಖಗಳೂ ನನ್ನ ಕಡೆ ತಿರುಗಿದವು. ಗೋಲ್‌ಕೀಪರ್ ಮುಂದೆ ಬಂದು, ಗೋಲಿಗೆ ಅಡ್ಡ ನಿಲ್ಲುವ ಹಾಗೇ ನನಗೆ ಅಡ್ಡ ನಿಂತು ಹೇಳಿದಳು:

"ಏನೂ ಇಲ್ಲ ಆಂಟಿ. ಹಿಟ್ಟು ಸ್ವಲ್ಪ ಸಾಲ್ಲಿಲ್ಲ, ಅಷ್ಟೆ."